ನೆರೆಮನೆಯ ಹೆಪ್ಪು



ಚಿಕ್ಕಂದಿನಲ್ಲಿ ನಮ್ಮ ಮನೆಯ ಮೊಸರು ಪೂರ್ತಿ ಖರ್ಚಾಗಿಬಿಟ್ಟ ದಿನ ಅಮ್ಮ ನನ್ನ ಕೈಗೊಂದು ಸಣ್ಣ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದಳು. “ದೀಪ ಹಚ್ಚೋದರೊಳಗೆ ಹೋಗಿ ಹೆಪ್ಪು ಇಸ್ಕೊಂಡು ಬಾ, ಆಮೇಲೆ ಕೊಡೋದಿಲ್ಲ” ಅನ್ನುತ್ತಿದ್ದಳು. ಸಿಗುತ್ತಿದ್ದದ್ದು ಒಂದು ಚಮಚದಷ್ಟು ಹೆಪ್ಪು. ಅದನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿಟ್ಟರೆ ಬೆಳಗ್ಗೆ ಗಟ್ಟಿ ಮೊಸರು. ಹಾಲು ನಮ್ಮದು, ಗಡಿಗೆ ನಮ್ಮದು, ಒಲೆಯ ಬಿಸಿ ನಮ್ಮದು. ಹೆಪ್ಪು ಮಾತ್ರ ನೆರೆಮನೆಯದು. ಮರುದಿನದಿಂದ ನಮ್ಮ ಮೊಸರೇ ನಮಗೆ ಹೆಪ್ಪು. ಮತ್ತೆ ಬಟ್ಟಲು ಹಿಡಿದು ಹೋಗುವ ಪ್ರಮೇಯ ಬರುತ್ತಿರಲಿಲ್ಲ.

ಸೇನೆಯಲ್ಲಿ ನಾನು ಕಳೆದ ವರ್ಷಗಳಲ್ಲಿ ಮೂರು ವರ್ಷ ಬೇರೆ ದೇಶದ ಸೈನಿಕರ ಜೊತೆಗೆ ಕಳೆದವು. ಆ ಮೂರು ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಅಮ್ಮನ ಆ ಬಟ್ಟಲು ನೆನಪಾಗುತ್ತದೆ. ಪರದೇಶದ ಪಡೆಗಳ ಜೊತೆ ದುಡಿದ ಅಧಿಕಾರಿಗಳ ಬಗ್ಗೆ, ಆ ದುಡಿಮೆ ಕಲಿಸುವ ಪಾಠದ ಬಗ್ಗೆ ಇವತ್ತು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳುತ್ತೇನೆ.

ಸರ್ಕಾರಿ ನೌಕರಿಯಲ್ಲಿರುವವರಿಗೆಲ್ಲ ಡೆಪ್ಯುಟೇಶನ್ ಎಂಬ ಮಾತು ಗೊತ್ತು. ಕನ್ನಡದ ಕಡತಗಳಲ್ಲಿ ಅದನ್ನು ಎರವಲು ಸೇವೆ ಎನ್ನುತ್ತಾರೆ. ಒಂದು ಇಲಾಖೆಯವರನ್ನು ಇನ್ನೊಂದು ಇಲಾಖೆಗೆ ಕೆಲ ಕಾಲ ಕೊಡುವುದು. ಸೇನೆಯಲ್ಲೂ ಇದು ಇದೆ. ಆದರೆ ಇಲ್ಲಿ ದಾಟಬೇಕಾದ್ದು ಇಲಾಖೆಯ ಬಾಗಿಲನ್ನಲ್ಲ, ದೇಶದ ಗಡಿಯನ್ನು. ತರಬೇತಿ ಕೊಡಲು ಹೋಗುವವರಿದ್ದಾರೆ, ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟು ಶಾಂತಿ ಕಾಯಲು ಹೋಗುವವರಿದ್ದಾರೆ. ಯಾವ ರೀತಿಯಲ್ಲಿ ಹೋದರೂ ಒಂದು ಸಂಗತಿ ಮಾತ್ರ ಬದಲಾಗುವುದಿಲ್ಲ. ಪ್ರಮಾಣವಚನ ಸ್ವೀಕರಿಸಿದ್ದು ಒಂದು ದೇಶಕ್ಕೆ, ಬೆಳಗಾದರೆ ಸೆಲ್ಯೂಟ್ ಮಾಡಿ ಎದುರು ನಿಲ್ಲುವವರು ಇನ್ನೊಂದು ದೇಶದವರು.

ಈ ಇಬ್ಬಂದಿ ಎಷ್ಟು ಕಷ್ಟದ್ದು ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸೇನೆಯೇ ಒಮ್ಮೆ ಎರವಲು ಅಧಿಕಾರಿಗಳನ್ನು ಇಟ್ಟುಕೊಂಡಿತ್ತು. 1947ರ ಆಗಸ್ಟ್ 15ರಂದು ಬಾವುಟ ಬದಲಾಯಿತು, ಆದರೆ ಸೇನೆಯ ಮೇಲಿನ ಹುದ್ದೆಗಳಲ್ಲಿ ಬ್ರಿಟಿಷರೇ ಉಳಿದರು. ಸ್ವತಂತ್ರ ಭಾರತದ ಭೂಸೇನೆಗೆ ಮೊದಲು ಜನರಲ್ ರಾಬ್ ಲಾಕ್‌ಹಾರ್ಟ್, ಆಮೇಲೆ ಜನರಲ್ ರಾಯ್ ಬುಚರ್ ದಂಡನಾಯಕರಾಗಿದ್ದರು. ಪಾಕಿಸ್ತಾನದ ಸೇನೆಯನ್ನು ನಡೆಸುತ್ತಿದ್ದವರೂ ಬ್ರಿಟಿಷರೇ. ಕಾಶ್ಮೀರದಲ್ಲಿ ಯುದ್ಧ ಹೊತ್ತಿಕೊಂಡಾಗ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದ ಹಳೆಯ ಸಹೋದ್ಯೋಗಿಗಳು ಎರಡು ಕಡೆ ಹಂಚಿಹೋಗಿದ್ದರು. ಅವರಿಗೆಲ್ಲ ಮೊದಲೇ ಒಂದು ಕಟ್ಟಪ್ಪಣೆ ಇತ್ತು: ಎರಡು ದೇಶಗಳ ನಡುವೆ ನೇರ ಯುದ್ಧವಾದರೆ ಬ್ರಿಟಿಷ್ ಅಧಿಕಾರಿಗಳೆಲ್ಲ ಕೆಲಸದಿಂದ ಹಿಂದೆ ಸರಿಯಬೇಕು. ಅದನ್ನು ‘ಸ್ಟ್ಯಾಂಡ್ ಡೌನ್’ ಆಜ್ಞೆ ಎನ್ನುತ್ತಿದ್ದರು.

ಯೋಚನೆ ಮಾಡಿ ನೋಡಿ. ಮನೆಗೆ ಬೆಂಕಿ ಬಿದ್ದ ಹೊತ್ತಿಗೆ ಮನೆಯ ಕಾವಲುಗಾರ ‘ನನಗೆ ಅಪ್ಪಣೆ ಇಲ್ಲ’ ಎಂದರೆ ಏನು ಗತಿ? ಆ ಬ್ರಿಟಿಷರಲ್ಲಿ ಹಲವರು ಪ್ರಾಮಾಣಿಕರು, ಭಾರತದ ಜವಾನನನ್ನು ಮನಸಾರೆ ಪ್ರೀತಿಸಿದವರು. ನಾನು ಅವರನ್ನು ದೂರುತ್ತಿಲ್ಲ. ಎರವಲು ಬಂದವನಿಗೆ ಒಂದು ಮಿತಿ ಇದ್ದೇ ಇರುತ್ತದೆ ಎಂಬುದಷ್ಟೇ ನನ್ನ ಮಾತು. ಆ ಮಿತಿಯನ್ನು ದಾಟಿ ನಮ್ಮ ಸೇನೆ ನಮ್ಮದಾದದ್ದು 1949ರ ಜನವರಿ 15ರಂದು, ಕೊಡಗಿನ ಕೆ.ಎಂ. ಕಾರ್ಯಪ್ಪನವರು ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡಾಗ. ಇವತ್ತಿಗೂ ಆ ದಿನವನ್ನು ಸೇನಾ ದಿನವೆಂದು ಆಚರಿಸುತ್ತೇವೆ. ಅಂದರೆ ಎರವಲು ಮುಗಿದ ದಿನವೇ ನಮಗೆ ಹಬ್ಬ.

ಎರವಲು ಪಡೆದವರು ಹತ್ತೇ ವರ್ಷದಲ್ಲಿ ಎರವಲು ಕೊಡುವವರಾದೆವು. 1950ರ ದಶಕದ ಕೊನೆಯಲ್ಲಿ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ಹರಾರ್ ಎಂಬ ಊರಿನಲ್ಲಿ ಸೈನಿಕ ಅಕಾಡೆಮಿ ಕಟ್ಟಿಸಿದಾಗ ಅದನ್ನು ನಡೆಸಲು ಹೋದದ್ದು ಭಾರತೀಯ ಅಧಿಕಾರಿಗಳು. 1964ರಲ್ಲಿ ನೈಜೀರಿಯದ ಕಡುನಾದಲ್ಲಿ ಡಿಫೆನ್ಸ್ ಅಕಾಡೆಮಿ ಶುರುವಾದಾಗ ಅದರ ಮೊದಲ ಕಮಾಂಡೆಂಟ್ ನಮ್ಮ ಬ್ರಿಗೇಡಿಯರ್ ಎಂ.ಆರ್. ವರ್ಮಾ. ನಮ್ಮ ಸೇನಾಧಿಕಾರಿಗಳು ತರಬೇತಿ ಪಡೆಯುವ ಡೆಹ್ರಾಡೂನಿನ ಪರೇಡ್ ಮೈದಾನದ ಹೆಜ್ಜೆಗಳು ಆಫ್ರಿಕದ ಕೆಂಪು ಮಣ್ಣಿನ ಮೇಲೆ ಮೂಡಿದವು. ಅಲ್ಲಿನವರೂ ಇಲ್ಲಿಗೆ ಕಲಿಯಲು ಬಂದರು. ಗುಂಡ್ಲುಪೇಟೆ ದಾಟಿ ನೀಲಗಿರಿಯ ಘಟ್ಟ ಹತ್ತಿದರೆ ಸಿಗುವ ವೆಲಿಂಗ್ಟನ್ನಿನ ಸ್ಟಾಫ್ ಕಾಲೇಜಿನಲ್ಲಿ ಓದಿದವರ ಪಟ್ಟಿಯಲ್ಲಿ ಒಬಸಾಂಜೊ, ಬುಹಾರಿ ಇಬ್ಬರೂ ಇದ್ದಾರೆ. ಇಬ್ಬರೂ ಮುಂದೆ ನೈಜೀರಿಯವನ್ನು ಆಳಿದರು.

ಇಲ್ಲಿ ನನ್ನನ್ನು ಬಹಳ ಕಾಲ ಕಾಡಿದ ಒಂದು ಪ್ರಶ್ನೆ ಇದೆ. ನಮ್ಮವರು ಕಡುನಾದಲ್ಲಿ ಪಾಠ ಹೇಳುತ್ತಿದ್ದಾಗಲೇ, 1966ರ ಜನವರಿಯಲ್ಲಿ, ಆ ದೇಶದ ಸೇನೆಯ ಕೆಲವು ಅಧಿಕಾರಿಗಳು ದಂಗೆಯೆದ್ದು ಪ್ರಧಾನಿಯನ್ನೇ ಕೊಂದರು. ಅಲ್ಲಿಂದ ಹತ್ತಾರು ವರ್ಷ ನೈಜೀರಿಯದಲ್ಲಿ ಬಂದೂಕಿನ ಆಳ್ವಿಕೆ. ಬುಹಾರಿ ಮೊದಲ ಸಲ ಗದ್ದುಗೆ ಏರಿದ್ದು 1983ರ ಕೊನೆಯ ದಿನ, ಚುನಾಯಿತ ಸರ್ಕಾರವನ್ನು ಉರುಳಿಸಿ. ಒಬಸಾಂಜೊ ಮಾತ್ರ ಸೈನಿಕ ಆಡಳಿತಗಾರರಾಗಿದ್ದೂ 1979ರಲ್ಲಿ ಅಧಿಕಾರವನ್ನು ಚುನಾಯಿತರಿಗೆ ಬಿಟ್ಟುಕೊಟ್ಟರು. ಇಬ್ಬರೂ ಮುಂದೆ ಜನರ ಮತದಿಂದಲೇ ಅಧ್ಯಕ್ಷರಾದರು ಎಂಬುದೂ ನಿಜ. ಒಂದೇ ಕಾಲೇಜು, ಒಂದೇ ಪಾಠ, ದಾರಿ ಬೇರೆ. ಕವಾಯತು, ನಕ್ಷೆ, ಯುದ್ಧತಂತ್ರ ಇವನ್ನೆಲ್ಲ ಹೊರಗಿನವನು ಕಲಿಸಬಹುದು. ಸೇನೆ ಜನರ ಸರ್ಕಾರಕ್ಕೆ ತಲೆಬಾಗಬೇಕು ಎಂಬುದು ಆ ಮಣ್ಣಿನಲ್ಲೇ ಬೇರು ಬಿಡಬೇಕು. ಹಾಲು ಕಾಯಿಸಿ, ಹದ ನೋಡಿ, ಅಲುಗಾಡದಂತೆ ಇಡುವ ಕೆಲಸ ಆ ಮನೆಯವರದೇ. ಹೆಪ್ಪು ಕೊಟ್ಟವರು ಆ ಹಾಲಿನ ಪಾಲಿಗೆ ಒಳ್ಳೆಯದನ್ನು ಹಾರೈಸಬಹುದು, ಅಷ್ಟೆ.

ಇನ್ನು ನನ್ನದೇ ಅನುಭವ. 1980ರ ದಶಕದ ನಡುವೆ ನನ್ನನ್ನು ಭೂತಾನಿಗೆ ಕಳಿಸಿದರು. ಟಿಬೆಟ್ಟನ್ನು ಚೀನಾ ವಶಪಡಿಸಿಕೊಂಡದ್ದನ್ನು ಕಂಡ ಭೂತಾನ್ ತನ್ನ ಸೇನೆಯನ್ನು ಬಲಪಡಿಸಲು ಬಯಸಿತು. ಆಗ ಹುಟ್ಟಿದ್ದು ಭಾರತೀಯ ಸೈನಿಕ ತರಬೇತಿ ತಂಡ. ಸೇನೆಯವರ ಬಾಯಲ್ಲಿ ಅದು ‘ಇಮ್‌ಟ್ರಾಟ್’. 1960ರ ದಶಕದ ಆರಂಭದಿಂದ ಪಶ್ಚಿಮ ಭೂತಾನಿನ ಹಾ ಕಣಿವೆಯಲ್ಲಿ ಅದರ ಠಾಣೆ. ಒಂಬತ್ತು ಸಾವಿರ ಅಡಿಯ ಎತ್ತರ, ಸುತ್ತ ಪೈನ್ ಮರಗಳ ಬೆಟ್ಟ, ಠಾಣೆಯ ಅಂಗಳದೊಳಗೇ ಬಿಳಿ ಗೋಡೆಯ ಹಳೆಯ ಕೋಟೆ. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವ ಬುಖಾರಿ ಒಲೆಗೆ ಸೌದೆ ತುಂಬುತ್ತಲೇ ಇರಬೇಕು. ಬೆಳಗ್ಗೆ ಬಕೆಟ್ಟಿನ ನೀರಿನ ಮೇಲೆ ಹಪ್ಪಳದಂಥ ಮಂಜಿನ ಪದರ.

ಹೋದ ಎರಡನೆಯ ವಾರ ನಾನೊಂದು ತಪ್ಪು ಮಾಡಿದೆ. ಫೈರಿಂಗ್ ರೇಂಜಿನಲ್ಲಿ ಒಬ್ಬ ತರುಣ ಭೂತಾನಿ ಅಧಿಕಾರಿಯ ಗುಂಡುಗಳು ಒಂದರ ಮೇಲೊಂದು ಗುರಿ ತಪ್ಪುತ್ತಿದ್ದವು. ಉಸಿರು ಹಿಡಿಯುವುದನ್ನು ಮೂರು ಸಲ ಹೇಳಿಕೊಟ್ಟೆ. ನಾಲ್ಕನೆಯ ಸಲ ತಾಳ್ಮೆ ಕೆಟ್ಟಿತು. ಅವನ ಕೈಕೆಳಗಿನ ಜವಾನರೆಲ್ಲ ನೋಡುತ್ತಿರುವಾಗಲೇ ಹಿಂದಿಯಲ್ಲಿ ಗದರಿಬಿಟ್ಟೆ. ನಮ್ಮ ಪಲ್ಟನ್ನಿನಲ್ಲಾಗಿದ್ದರೆ ಸಂಜೆ ಚಹಾ ಕುಡಿಯುವ ಹೊತ್ತಿಗೆ ಅದು ಮರೆತುಹೋಗುವ ಮಾತು. ಅವನು ಮಾತ್ರ ಎದ್ದು ನಿಂತು, ತಲೆ ತಗ್ಗಿಸಿ, ಒಂದೇ ಮಾತು ಹೇಳಿ ಸುಮ್ಮನಾದ. ಆ ಮಾತಿನ ಕೊನೆಯಲ್ಲಿ ‘ಲಾ’ ಎಂಬ ಶಬ್ದವಿತ್ತು.

ಭೂತಾನಿನ ಜೊಂಕಾ ಭಾಷೆಯಲ್ಲಿ ಗೌರವಕ್ಕೆ ಮಾತಿನ ಕೊನೆಗೆ ‘ಲಾ’ ಸೇರಿಸುತ್ತಾರೆ. ಥೇಟ್ ನಮ್ಮ ಧಾರವಾಡದ ಕಡೆಯ ‘ರೀ’ ಇದ್ದ ಹಾಗೆ. ‘ಕುಜುಜಾಂಗ್ಪೊ ಲಾ’ ಎಂದರೆ ನಮಸ್ಕಾರ ರೀ. ‘ಕಡ್ರಿಂಚೆ ಲಾ’ ಎಂದರೆ ಉಪಕಾರ ಆತ್ರೀ. ಗದರಿಸಿಕೊಂಡಾಗಲೂ ಅವನು ‘ಲಾ’ ಬಿಟ್ಟಿರಲಿಲ್ಲ. ಬಿಟ್ಟವನು ನಾನು.

ಮರುದಿನ ತರಗತಿಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಎಲ್ಲರೂ ನೇರ ಕೂತಿದ್ದರು, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಆದರೆ ಬಾಗಿಲು ಮುಚ್ಚಿತ್ತು. ಹುದ್ದೆಯ ಬಲದಿಂದ ಕೂರಿಸಬಹುದು, ಕಲಿಸಲಾಗುವುದಿಲ್ಲ ಎಂದು ಆಗ ಗೊತ್ತಾಯಿತು.

ಆ ಭಾನುವಾರ ಅವರ ಪೈಕಿ ಹಿರಿಯ ಅಧಿಕಾರಿಯೊಬ್ಬರು ನನ್ನನ್ನು ಬಿಲ್ಲುಗಾರಿಕೆಗೆ ಕರೆದರು. ಬಿಲ್ಲುಗಾರಿಕೆ ಭೂತಾನಿಗಳ ಜೀವ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಇರುವ ಸಂಭ್ರಮವೇ ಅಲ್ಲೂ. ನೂರನಲವತ್ತು ಮೀಟರಿನಷ್ಟು ದೂರದಲ್ಲಿ ಒಂದು ಪುಟ್ಟ ಮರದ ಹಲಗೆ. ಬಾಣ ತಾಗಿತೆಂದರೆ ಜೊತೆಯವರೆಲ್ಲ ಸಾಲಾಗಿ ನಿಂತು ಹಾಡುತ್ತಾ ಕುಣಿಯುತ್ತಾರೆ. ಹೊಡೆದವನು ಸೊಂಟಕ್ಕೆ ಬಣ್ಣದ ವಸ್ತ್ರವೊಂದನ್ನು ಸಿಕ್ಕಿಸಿಕೊಳ್ಳುತ್ತಾನೆ. ನನ್ನ ಕೈಗೆ ಬಿದಿರಿನ ಬಿಲ್ಲು ಕೊಟ್ಟರು. ನನ್ನ ಮೊದಲ ಬಾಣ ಅರ್ಧ ದಾರಿಗೆ ಬಿತ್ತು, ಎರಡನೆಯದು ಹುಲ್ಲಿನಲ್ಲಿ ಕಳೆದುಹೋಯಿತು. ಮೂರನೆಯದಕ್ಕೆ ಮುಂಚೆ ಯಾರೋ ಬಂದು ನನ್ನ ಎಡಗೈಯ ಮೊಣಕೈಯನ್ನು ಹಗುರವಾಗಿ ಮೇಲೆತ್ತಿ, ಹೆಬ್ಬೆರಳಿನ ಹಿಡಿತ ಸಡಿಲಿಸಿದರು. ತಿರುಗಿ ನೋಡಿದರೆ ಅದೇ ಹುಡುಗ, ನಾನು ಗದರಿದ್ದವನು. “ನಿಧಾನ ಸರ್, ನಿಧಾನ ಲಾ” ಎಂದ. ಮೂರನೆಯ ಬಾಣವೂ ಹಲಗೆಗೆ ತಾಗಲಿಲ್ಲ, ಆದರೆ ಹತ್ತಿರ ಹೋಗಿ ನಾಟಿತು. ಅವನು ಚಪ್ಪಾಳೆ ತಟ್ಟಿದ.

ಮರುದಿನ ಬೆಳಗ್ಗೆ ರೇಂಜಿನಲ್ಲಿ ಎಲ್ಲರ ಎದುರಿಗೇ ಅವನ ಕ್ಷಮೆ ಕೇಳಿದೆ. ಎಲ್ಲರ ಎದುರು ಮಾಡಿದ ತಪ್ಪಿಗೆ ಎಲ್ಲರ ಎದುರೇ ಕ್ಷಮೆ ಕೇಳಬೇಕು. ಅವತ್ತು ತರಗತಿಯಲ್ಲಿ ಹತ್ತು ಕೈಗಳು ಮೇಲೆದ್ದವು. ಆ ವರ್ಷದ ಕೊನೆಗೆ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಊರಿನಿಂದ ತಂದಿದ್ದ ಕಾಚಂಪುಳಿ ಎಂಬ ಹುಳಿ ಹಾಕಿ ಪಂದಿ ಕರಿ ಮಾಡಿದಳು. ಅವರು ಮೆಣಸಿನಕಾಯಿಯನ್ನೇ ಪಲ್ಯದಂತೆ ಗಿಣ್ಣಿನಲ್ಲಿ ಬೇಯಿಸಿದ ಎಮಾ ದತ್ಸಿ ತಂದರು. ಒಂದೇ ಬುಖಾರಿಯ ಸುತ್ತ ಕೂತು ಉಂಡೆವು. ಕಣ್ಣಲ್ಲಿ ನೀರು ಬಂದದ್ದು ಬರೀ ಖಾರಕ್ಕಲ್ಲ.

ಕೇಳುಗರೇ, ಇಂಥ ಪಾಠವನ್ನು ನಮಗೆಲ್ಲರಿಗಿಂತ ಆಳವಾಗಿ ಕಲಿತಿದ್ದವರು ಒಬ್ಬರಿದ್ದರು. ಅವರು ಜನರಲ್ ಕೆ.ಎಸ್. ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಸ್ಯಾಂಡ್‌ಹರ್ಸ್ಟಿನಲ್ಲಿ ಕಲಿತು 1926ರಲ್ಲಿ ಅಧಿಕಾರಿಯಾದಾಗ ಅವರಿಗೆ ಸಿಕ್ಕ ಮೊದಲ ನೆಲೆ ಬೆಂಗಳೂರಿನ ದಂಡು. ಆಗಿನ ನಿಯಮದಂತೆ ಭಾರತೀಯ ತರುಣ ಅಧಿಕಾರಿ ಮೊದಲ ಒಂದು ವರ್ಷ ಬ್ರಿಟಿಷ್ ಪಲ್ಟನ್ನಿನಲ್ಲಿ ಕಳೆಯಬೇಕಿತ್ತು. ಹಾಗೆ ಇಪ್ಪತ್ತರ ಹರೆಯದ ತಿಮ್ಮಯ್ಯ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಸ್ಕಾಟಿಷ್ ಪಲ್ಟನ್ನಿನ ನಡುವೆ ಬಂದು ನಿಂತರು. ತನ್ನದೇ ನಾಡಿನ ಪಕ್ಕದ ಊರಿನಲ್ಲಿ ತಾನೇ ಹೊರಗಿನವನು. ಪರಕೀಯರ ನಡುವೆ ಒಬ್ಬಂಟಿಯಾಗಿ ನಿಲ್ಲುವುದು ಹೇಗೆ ಎಂಬ ಪಾಠ ಅವರಿಗೆ ಅಲ್ಲೇ ಆಯಿತು.

ಆ ಪಾಠ ಅತ್ಯಂತ ಕಠಿಣವಾಗಿ ಪರೀಕ್ಷೆಗೆ ಬಂದದ್ದು 1953ರಲ್ಲಿ, ಕೊರಿಯದಲ್ಲಿ. ಯುದ್ಧ ನಿಂತಿತ್ತು. ತಮ್ಮ ದೇಶಕ್ಕೆ ಮರಳಲು ಒಪ್ಪದ ಚೀನೀ ಮತ್ತು ಉತ್ತರ ಕೊರಿಯದ ಕೈದಿಗಳು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಅವರ ಹಣೆಬರಹ ತೀರ್ಮಾನಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಮುಖ್ಯಸ್ಥರು. 1945ರಲ್ಲಿ ಬರ್ಮಾದ ಕಾಂಗಾವ್ ಯುದ್ಧದಲ್ಲಿ ಒಂದೇ ಬ್ರಿಗೇಡಿನಲ್ಲಿ ಬೆಟಾಲಿಯನ್‌ಗಳನ್ನು ನಡೆಸಿದ್ದ ಗೆಳೆಯರು ಇವರಿಬ್ಬರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲ ತುಳಿಯಕೂಡದು ಎಂದರು. ಹಾಗಾಗಿ ನಮ್ಮ ಸಾವಿರಾರು ಜವಾನರನ್ನು ಇಂಚಾನ್ ಬಂದರಿನ ಹಡಗುಗಳಿಂದಲೇ ಹೆಲಿಕಾಪ್ಟರಿನಲ್ಲಿ ಎತ್ತಿ ನಿಸ್ಸೇನಾ ವಲಯದಲ್ಲಿ ಇಳಿಸಿದರು. ಅವರ ಬಿಡಾರಕ್ಕೆ ಹಿಂದ್ ನಗರ ಎಂದು ಹೆಸರಾಯಿತು.

ಆ ಸೆಪ್ಟೆಂಬರಿನಲ್ಲಿ ಒಂದು ದಿನ ಕೈದಿಗಳು ನಮ್ಮ ಮೇಜರ್ ಗ್ರೆವಾಲರನ್ನು ತಂತಿಬೇಲಿಯ ಒಳಗೆ ಎಳೆದುಕೊಂಡು ಹೋದರು. ಥೋರಟ್ ಗುಂಡು ಹಾರಿಸಲು ಹೇಳಲಿಲ್ಲ. ಕೈಯಲ್ಲಿ ಆಯುಧವಿಲ್ಲದೆ, ಕೂಗಾಡುತ್ತಿದ್ದ ಆ ಗುಂಪಿನ ನಡುವೆ ತಾವೇ ನಡೆದುಹೋಗಿ, ಮಾತಾಡಿ, ಗ್ರೆವಾಲರನ್ನು ಬಿಡಿಸಿಕೊಂಡು ಬಂದರು. ಕೊರಿಯದಲ್ಲಿ ತಿಮ್ಮಯ್ಯನವರನ್ನು ಎರಡೂ ಕಡೆಯವರು ದೂರಿದರು. ಅವರು ಯಾರ ಪಕ್ಷಕ್ಕೂ ವಾಲಲಿಲ್ಲ. ಯಾವ ಕಡೆಗೂ ಹೋಗಲೊಲ್ಲದ 88 ಮಂದಿ ಕೊನೆಗೆ ನಮ್ಮ ಸೈನಿಕರ ಜೊತೆಯೇ ಹಡಗು ಹತ್ತಿ ಭಾರತಕ್ಕೆ ಬಂದರು. ಕಾವಲುಗಾರನ ಜೊತೆ ಅವನ ಊರಿಗೇ ಹೊರಟ ಕೈದಿಗಳು! ಇದಕ್ಕಿಂತ ದೊಡ್ಡ ಪದಕ ಯಾವ ಸೈನಿಕನಿಗೆ ಬೇಕು?

1961ರಲ್ಲಿ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ತಿಮ್ಮಯ್ಯನವರನ್ನು ವಿಶ್ವಸಂಸ್ಥೆ ಮತ್ತೆ ಕರೆಯಿತು. 1964ರ ಜುಲೈನಲ್ಲಿ ಅವರು ಸೈಪ್ರಸ್ಸಿನ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಗ್ರೀಕ್ ಮೂಲದವರಿಗೂ ತುರ್ಕಿ ಮೂಲದವರಿಗೂ ಹಗೆ ಹೊತ್ತಿದ್ದ ದ್ವೀಪ ಅದು. ಅವರು ಹೋದ ತಿಂಗಳೊಳಗೇ ಕೊಕ್ಕಿನಾದಲ್ಲಿ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಅವರ ಕೈಕೆಳಗೆ ಬ್ರಿಟನ್, ಕೆನಡ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡಿನ ತುಕಡಿಗಳಿದ್ದವು. ಭಾರತದ ಒಂದು ಪಲ್ಟನ್ನೂ ಇರಲಿಲ್ಲ. ಬೆಂಗಳೂರಿನಲ್ಲಿ ಬ್ರಿಟಿಷರ ನಡುವೆ ಕಿರಿಯವನಾಗಿ ನಿಂತಿದ್ದ ಹುಡುಗ, ಮೂವತ್ತೆಂಟು ವರ್ಷಗಳ ಮೇಲೆ ಬ್ರಿಟಿಷ್ ಸೈನಿಕರಿಗೂ ಹುಕುಂ ಕೊಡುವ ಹಿರಿಯನಾದ. ಆದರೂ ಅವರ ಮುಖ್ಯ ಕೆಲಸ ಹುಕುಂ ಕೊಡುವುದಾಗಿರಲಿಲ್ಲ. ಈ ಕಡೆಯವರ ಮಾತು ಕೇಳುವುದು, ಆ ಕಡೆಯವರ ಮಾತು ಕೇಳುವುದು, ಕೋವಿಗಳ ನಡುವೆ ನಿಲ್ಲುವುದು. 1965ರ ಡಿಸೆಂಬರ್ 18ರಂದು ನಿಕೋಸಿಯದಲ್ಲಿ, ಕರ್ತವ್ಯದಲ್ಲಿರುವಾಗಲೇ ಅವರು ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದಲ್ಲಿ ಇವತ್ತಿಗೂ ಅವರ ಹೆಸರಿನ ರಸ್ತೆ ಇದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರದೇ ಹೆಸರು. ಸ್ವಂತ ನಾಡು ಹೆಸರಿಡುವುದು ಸಹಜ. ಹೊರಗಿನಿಂದ ಬಂದು ಹೋದವನ ಹೆಸರನ್ನು ಇನ್ನೊಂದು ನಾಡು ತನ್ನ ಬೀದಿಗೆ ಇಟ್ಟುಕೊಳ್ಳಬೇಕಾದರೆ ಅಲ್ಲಿ ಅಧಿಕಾರಕ್ಕಿಂತ ದೊಡ್ಡದೇನೋ ಕೆಲಸ ಮಾಡಿರಬೇಕು.

ಮಡಿಕೇರಿಗೆ ಬಂದವರು ಅವರ ಮನೆ ‘ಸನ್ನಿ ಸೈಡ್’ ನೋಡಿ. 2021ರಿಂದ ಅದು ವಸ್ತು ಸಂಗ್ರಹಾಲಯವಾಗಿದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಗೆದ್ದ ಯುದ್ಧಗಳ ಕಥೆಯ ಜೊತೆಗೆ, ಗುಂಡು ಹಾರಿಸದೆ ಕಾಯ್ದ ಶಾಂತಿಯ ಕಥೆಯನ್ನೂ ಅವರಿಗೆ ಹೇಳಿ.

ಕೊನೆಯದಾಗಿ ಒಂದು ನೆನಪು. 2003ರ ಡಿಸೆಂಬರ್ ನಡುಭಾಗ. ನಾನು ಸೇನೆ ಬಿಟ್ಟು ಊರಿಗೆ ಬಂದು ಬಹಳ ವರ್ಷವಾಗಿತ್ತು. ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹಣ್ಣು ಹರಡಿಸುತ್ತಿದ್ದೆ. ಪಕ್ಕದ ಕಲ್ಲಿನ ಮೇಲೆ ಟ್ರಾನ್ಸಿಸ್ಟರ್ ಹಾಡುತ್ತಿತ್ತು. ಆಕಾಶವಾಣಿಯ ವಾರ್ತೆಯಲ್ಲಿ ಭೂತಾನಿನ ಹೆಸರು ಕೇಳಿಸಿತು. ತನ್ನ ದಕ್ಷಿಣದ ಕಾಡುಗಳಲ್ಲಿ ಬೀಡುಬಿಟ್ಟಿದ್ದ ಅಸ್ಸಾಮಿನ ಉಗ್ರರ ಶಿಬಿರಗಳ ಮೇಲೆ ಭೂತಾನ್ ಸೇನೆ ಡಿಸೆಂಬರ್ 15ರಂದು ಕಾರ್ಯಾಚರಣೆ ಶುರುಮಾಡಿತ್ತು. ವರ್ಷಗಟ್ಟಲೆ ಮಾತುಕತೆಯಾಡಿ, ಅದು ಫಲಿಸದಿದ್ದಾಗ ಇಟ್ಟ ಹೆಜ್ಜೆ. ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ತಾವೇ ಮುಂದೆ ನಿಂತಿದ್ದರು. ಗಡಿಯ ಈಚೆ ನಮ್ಮ ಸೇನೆ ಕಾವಲಿತ್ತು. ಒಳಗೆ ಕಾದಿದವರು ಅವರೇ. ಕೆಲವೇ ದಿನಗಳಲ್ಲಿ ಮೂವತ್ತರಷ್ಟು ಶಿಬಿರಗಳು ನೆಲಸಮವಾದವು.

ನಾನು ಕೆಲಸ ನಿಲ್ಲಿಸಿ ಕಣದ ಅಂಚಿನಲ್ಲಿ ಕೂತೆ. ಆ ಹುಡುಗ ಆಗ ನಡುವಯಸ್ಸಿನ ಅಧಿಕಾರಿಯಾಗಿರಬೇಕು. ಆ ಕಾಡಿನಲ್ಲಿ ಅವನಿದ್ದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಇದ್ದಿದ್ದರೆ, ತನ್ನ ಜವಾನನೊಬ್ಬನ ಗುರಿ ತಪ್ಪಿದಾಗ ಅವನು ಗದರಿರಲಾರ. ಹತ್ತಿರ ಹೋಗಿ ಮೊಣಕೈಯನ್ನು ಹಗುರವಾಗಿ ಎತ್ತಿ ‘ನಿಧಾನ ಲಾ’ ಎಂದಿರುತ್ತಾನೆ. ಅದು ನಾನು ಕಲಿಸಿದ್ದಲ್ಲ, ಅವನಿಂದ ನಾನು ಕಲಿತದ್ದು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು, ಊಟಕ್ಕೆ ಬನ್ನಿ, ಮೊಸರು ಚೆನ್ನಾಗಿ ಹೆಪ್ಪಾಗಿದೆ ಎಂದು.